ಹತ್ತು ವರ್ಷದ ಬೊಚ್ಚುಬಾಯಿ

ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಹಾಜಿಮಲಂಗನ ಬೈಂಡಿಂಗ್ ಅಂಗಡಿ ಇದೆ. ಅಂಗಡಿ ಅಂದರೆ ಎಷ್ಟು ಅಂದೀರಿ, ಒಬ್ಬ ಮನುಷ್ಯ ಒಳಗೆ ಕಾಲು ಮಡಚಿ ಕೂತರೆ ಮಾತಾಡಲು ಬಂದವನು ಗಟಾರದ ಕಲ್ಲಿನ ಮೇಲೆ ನಿಲ್ಲಬೇಕು. ಹೆಸರಿನಲ್ಲಿ ಹಾಜಿ ಇದೆಯೆಂದು ಹೊಸಬರು ಯಾವ ವರ್ಷ ಹಜ್ ಮಾಡಿದಿರಿ ಎಂದು ಕೇಳುತ್ತಾರೆ. ಅವನು ಕಲಬುರಗಿಯ ಆಚೆ ಕಾಲಿಟ್ಟವನಲ್ಲ. ಹುಟ್ಟಿದ ಮಕ್ಕಳು ಕೈಗೆ ಹತ್ತುತ್ತಿಲ್ಲವೆಂದು ಅವನ ತಾಯಿ ಹಾಜಿಮಲಂಗ ಬಾಬಾನಿಗೆ ಹರಕೆ ಹೊತ್ತಿದ್ದಳು. ಉಳಿದ ಕೂಸಿಗೆ ಆ ಹೆಸರನ್ನೇ ಇಟ್ಟಳು.

ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ಬೈಂಡಿಂಗ್ ಕೆಲಸಕ್ಕೆ ಕೂತ. ಅಂದಿನಿಂದ ಅವನ ಕೈಯಲ್ಲಿ ಕಟ್ಟಿಸಿಕೊಳ್ಳದ ಪುಸ್ತಕ ಸಿಂದಗಿಯಲ್ಲಿಲ್ಲ. ಸಾಲಿಯ ಹಾಜರಿ ಪುಸ್ತಕ, ಅಡತಿ ಅಂಗಡಿಯ ಖಾತೆ ವಹಿ, ಮಸೀದಿಯ ಕುರಾನು, ಮಠದ ಪುರಾಣ, ಎಲ್ಲಕ್ಕೂ ಅದೇ ಸೂಜಿ, ಅದೇ ದಾರ, ಅದೇ ಮೈದಾ ಹಿಟ್ಟಿನ ಅಂಟು. ಅಂಟಿನಲ್ಲಿ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದ. ಅದರ ಕಹಿಗೆ ಹುಳ ಮೂತಿ ಇಡುವುದಿಲ್ಲ. ಮತ್ತೆ ಯಾರು ಬರಲಿ, ಬಿಡಲಿ, ಅವನದೊಂದು ಮಾತು ಇದ್ದೇ ಇರುತ್ತಿತ್ತು: ನಲವತ್ತು ವರ್ಷವಾಯಿತು, ನನ್ನ ಕೈಗೆ ಬಂದ ಹಾಳೆ ಒಂದೂ ಕಳೆದಿಲ್ಲ. ಈ ಮಾತನ್ನು ಅವನ ಹೆಂಡತಿ ಸೈದಾಬಿ ದಿನಕ್ಕೆರಡು ಸಲ ಕೇಳಿ ಕೇಳಿ, ಮೂರನೆಯ ಸಲ ಅವನು ಬಾಯಿ ತೆರೆದರೆ ತಾನೇ ಹೇಳಿ ಮುಗಿಸುತ್ತಿದ್ದಳು.

ಅವನಿಗೆ ಒಂದೇ ಒಂದು ಕೊರಗಿತ್ತು. ಸಾವಿರಾರು ಪುಸ್ತಕ ಕಟ್ಟಿದವನ ಹೆಸರು ಒಂದರೊಳಗೂ ಅಚ್ಚಾಗಿರಲಿಲ್ಲ. ಅಚ್ಚಾದದ್ದು ಒಮ್ಮೆ ಮಾತ್ರ, ತಂಗಿಯ ಮಗನ ಲಗ್ನದ ಕಾರ್ಡಿನಲ್ಲಿ. ಅದರಲ್ಲಿ ಪ್ರೆಸ್ಸಿನವನು ನಡುವಿನ 'ಲ' ಬಿಟ್ಟ. ಐನೂರು ಕಾರ್ಡಿನಲ್ಲಿ 'ಹಾಜಿಮಂಗ' ಎಂದು ಹೋಯಿತು. ಲಗ್ನದ ಮನೆಯಲ್ಲಿ ಬೀಗರು ಬಾಯಿಗೆ ಟಾವೆಲ್ ಹಚ್ಚಿಕೊಂಡು ನಕ್ಕರು. ಊಟಕ್ಕೆ ಕೂತಾಗ ಯಾರೋ ಅವನ ತಾಟಿಗೆ ಎರಡು ಬಾಳೆಹಣ್ಣು ಹೆಚ್ಚಿಗೆ ಇಟ್ಟುಹೋದರು. ಅದಾಗಿ ಹದಿನೆಂಟು ವರ್ಷವಾದರೂ ಅವನು ಬಾಳೆಹಣ್ಣು ಮುಟ್ಟಿಲ್ಲ.

ಇಂಥ ಹಾಜಿಮಲಂಗನ ದೊಡ್ಡ ಗಿರಾಕಿ ಎಂದರೆ ಡಾಕ್ಟರ್ ಶ್ರೀಶೈಲಪ್ಪನವರು. ಕನ್ನೊಳ್ಳಿಯವರು, ಸಿಂದಗಿಯಲ್ಲಿ ದವಾಖಾನೆ ಇಟ್ಟು ತಲೆ ಹಣ್ಣು ಮಾಡಿಕೊಂಡವರು. ಅವರಿಗೆ ತಿಂಗಳಿಗೊಂದು ಇಂಗ್ಲಿಷ್ ವೈದ್ಯಕೀಯ ಪತ್ರಿಕೆ ಟಪಾಲಿನಲ್ಲಿ ಬರುತ್ತಿತ್ತು. ಜ್ವರ, ಸಕ್ಕರೆ ರೋಗ, ಹಾವು ಕಡಿತ, ಬಸುರಿ ಬಾಣಂತಿ, ಎಲ್ಲ ಜಡ್ಡಿನ ಮೇಲೂ ದೊಡ್ಡ ದೊಡ್ಡ ಡಾಕ್ಟರು ಬರೆಯುವ ಪತ್ರಿಕೆ. ವರ್ಷ ತುಂಬಿದ ಮೇಲೆ ಹನ್ನೆರಡನ್ನೂ ಹಾಜಿಮಲಂಗನಿಗೆ ಕೊಡುತ್ತಿದ್ದರು. ಅವನು ತೆಳ್ಳನೆಯ ಹೊರಕವಚ ಕಿತ್ತು, ಹೊಲಿದು, ಕೆಂಪು ರೆಕ್ಸಿನ್ ಹಾಕಿ, ಬೆನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಇಸವಿ ಒತ್ತಿ ಕೊಡುತ್ತಿದ್ದ. ಅವು ಡಾಕ್ಟರ ಕುರ್ಚಿಯ ಹಿಂದಿನ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಅವನ್ನು ನೋಡಿಯೇ ರೋಗಿಗಳಿಗೆ ಅರ್ಧ ಜಡ್ಡು ಇಳಿಯುತ್ತಿತ್ತು. ಉಳಿದರ್ಧಕ್ಕೆ ಡಾಕ್ಟರು ಸೂಜಿ ಚುಚ್ಚುತ್ತಿದ್ದರು.

ಹೋದ ವರ್ಷ ಶ್ರಾವಣದ ಹೊತ್ತಿಗೆ ಗುಲನಾಜ ಎಂಬ ಹುಡುಗಿ ಬಂದಳು. ಬಸವನ ಬಾಗೇವಾಡಿಯವಳು, ವಿಜಯಪುರದಲ್ಲಿ ಹಲ್ಲಿನ ಡಾಕ್ಟರಕಿಯ ಮೇಲಿನ ಓದು ಓದುತ್ತಿದ್ದಳು. ಎಲ್ಲ ರೋಗಗಳ ಆ ಪತ್ರಿಕೆಯಲ್ಲಿ ಹಲ್ಲಿನ ಸಂಶೋಧನೆಗೆ ವರ್ಷವರ್ಷಕ್ಕೆ ಎಷ್ಟು ಜಾಗ ಸಿಕ್ಕಿತು, ಎಣಿಸಿ ಪ್ರಬಂಧ ಬರೆಯಬೇಕಾಗಿತ್ತು. ಹಳೆಯ ಸಂಚಿಕೆಗಳು ಕಂಪ್ಯೂಟರಿನಲ್ಲಿ ಇರಲಿಲ್ಲ. ಎಂಬತ್ತೈದರಿಂದ ಒಂದೂ ತಪ್ಪದೆ ಕಾಯ್ದಿಟ್ಟವರು ಈ ಸುತ್ತಿನಲ್ಲಿ ಡಾಕ್ಟರ್ ಶ್ರೀಶೈಲಪ್ಪನವರು ಒಬ್ಬರೇ ಎಂದು ಯಾರೋ ಹೇಳಿದ್ದರು.

ಡಾಕ್ಟರಿಗೆ ಎಂಬತ್ತು ದಾಟಿತ್ತು, ಆ ಗಾತ್ರದ ಪುಸ್ತಕ ಎತ್ತುವ ಶಕ್ತಿ ಇರಲಿಲ್ಲ. ಅವರು ಹಾಜಿಮಲಂಗನಿಗೆ ಹೇಳಿ ಕಳಿಸಿದರು. ಪುಸ್ತಕ ತೆಗೆದು ಕೊಡುವುದು, ಹೊಲಿಗೆ ಬಿಚ್ಚದಂತೆ ನೋಡಿಕೊಳ್ಳುವುದು, ತಿರುಗಿ ಇಡುವುದು, ಇಷ್ಟು ಕೆಲಸ. ಅಂಗಡಿಯ ಬಾಗಿಲು ಎಳೆದುಕೊಂಡು ಬಂದ ಹಾಜಿಮಲಂಗ ಆರು ದಿನ ಆ ಹುಡುಗಿಯ ಎದುರಿಗೆ ಕೂತ.

ಮೊದಮೊದಲು ಅವನಿಗೆ ಈ ಕೆಲಸದ ತಲೆಬುಡ ತಿಳಿಯಲಿಲ್ಲ. ಹುಡುಗಿ ಏನನ್ನೂ ಪೂರ್ತಿ ಓದುತ್ತಿರಲಿಲ್ಲ. ತಲೆಬರಹ ನೋಡುವುದು, ಒಂದು ಗೀಟು ಹಾಕುವುದು, ಮುಂದಕ್ಕೆ ಹೋಗುವುದು. ಲಗ್ನದ ಮನೆಗೆ ಹೋಗಿ ಊಟ ಬಿಟ್ಟು ಎಲೆ ಎಣಿಸಿಕೊಂಡು ಬಂದಂತೆ ಕಂಡಿತು ಅವನಿಗೆ. ಹಾಗೆಂದು ಅವಳಿಗೆ ಹೇಳಿಯೂ ಹೇಳಿದ. ಅವಳು ನಕ್ಕು, ಯಾವ ಕಾಲಕ್ಕೆ ಡಾಕ್ಟರ ಮಂದಿ ಯಾವುದಕ್ಕೆ ತಲೆ ಕೆಡಿಸಿಕೊಂಡಿದ್ದರು ಅನ್ನುವುದು ಎಣಿಸಿದರೇ ಗೊತ್ತಾಗುತ್ತದೆ ಎಂದಳು. ಹೊಟ್ಟೆಗೆ, ಎದೆಗೆ ಕೇಳುವವರು ಬಹಳ, ಬಾಯಿಗೆ ಕೇಳುವವರು ಕಡಿಮೆ ಎಂದಳು. ಇದು ಹಾಜಿಮಲಂಗನಿಗೆ ಸರಿ ಎನಿಸಿತು. ಅವನ ಬಾಯಿಯಲ್ಲೂ ಆರೇ ಹಲ್ಲು ಉಳಿದಿದ್ದವು, ಯಾರೂ ಕೇಳಿರಲಿಲ್ಲ.

ಮೂರನೆಯ ದಿನ ಅವಳು ಒಂದು ಮಾತು ಹೇಳಿದಳು, ಅದು ಅವನ ನಿದ್ದೆಯನ್ನೇ ಕೆಡಿಸಿತು. ಪ್ರಬಂಧ ಇದೇ ಪತ್ರಿಕೆಯಲ್ಲಿ ಅಚ್ಚಾಗುವುದಿತ್ತು. ಕೊನೆಗೆ ಸಹಾಯ ಮಾಡಿದವರ ಹೆಸರು ಹಾಕುವ ರೂಢಿ.

"ನಿಮ್ಮ ಹೆಸರೂ ಹಾಕ್ತೇನಿ ಚಾಚಾ. ಇಂಗ್ಲಿಷಿನ್ಯಾಗ."

ಹಾಜಿಮಲಂಗ ಒಂದೇ ಕೇಳಿದ: "ಇಂಗ್ಲಿಷಿನ್ಯಾಗ 'ಲ' ಇರ್ತೈತೇನವಾ?"

ಇರುತ್ತದೆ ಎಂದಳು. ಅವತ್ತು ಸಂಜೆ ಅವನು ಮನೆಗೆ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಈ ಸುದ್ದಿ ಹೇಳಿದ. ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದವನೊಬ್ಬನಿಗೂ ಹೇಳಿದ. ಸೈದಾಬಿ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡು, ಅಚ್ಚಾದ ಮೇಲೆ ಆ ಹಾಳೆ ತಂದು ತೋರಿಸಿ, ಅಲ್ಲಿಯವರೆಗೆ ಕಟ್ಟಿಗೆ ಒಡೆಯಿರಿ ಎಂದಳು.

ಆರನೆಯ ದಿನ ಗುಲನಾಜ ತನ್ನ ಲ್ಯಾಪ್‌ಟಾಪಿನಲ್ಲಿ ಎಣಿಕೆಯ ಚಿತ್ರ ಬಿಡಿಸಿ ತೋರಿಸಿದಳು. ವರ್ಷಕ್ಕೊಂದು ಕಂಬ. ಹಲ್ಲಿನ ಲೇಖನ ಎಷ್ಟೋ ಕಂಬ ಅಷ್ಟು ಎತ್ತರ. ಎಂಬತ್ತೈದರಿಂದ ಕಂಬಗಳು ಚೆನ್ನಾಗಿ ನಿಂತಿದ್ದವು. ತೊಂಬತ್ತೆರಡಕ್ಕೆ ಬಂದೊಡನೆ ಸಾಫ್. ಹತ್ತು ವರ್ಷ ಬಯಲು, ನಡುವೆ ಎರಡು ಮೊಂಡು. ಮತ್ತೆ ಎರಡು ಸಾವಿರದ ಎರಡರಿಂದ ಕಂಬಗಳು ಎದ್ದಿದ್ದವು.

"ಥೇಟ್ ಬೊಚ್ಚುಬಾಯಿ ಕಂಡಂಗ ಕಾಣ್ತೈತಿ," ಎಂದ ಹಾಜಿಮಲಂಗ.

ಅವಳಿಗೂ ಅದೇ ವಿಚಿತ್ರವಾಗಿತ್ತು. ಅವಳ ಕಾಲೇಜಿನ ಸರ್ ಅಂತೂ ಫೋನಿನಲ್ಲಿ ಕುಣಿದಾಡಿದ್ದರಂತೆ. ಆ ಹತ್ತು ವರ್ಷದಲ್ಲಿ ಹಲ್ಲಿನ ಡಾಕ್ಟರು ತಮ್ಮವೇ ಬೇರೆ ಪತ್ರಿಕೆ ಮಾಡಿಕೊಂಡು ದೊಡ್ಡ ಮನೆಯಿಂದ ಬೇರೆ ಹೋದರು, ಆಮೇಲೆ ಬುದ್ಧಿ ಬಂದು ತಿರುಗಿ ಬಂದರು ಎಂದು ಅವರು ಅರ್ಥ ಹಚ್ಚಿದ್ದರು. ಇದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರನ್ನೂ ಇಟ್ಟು, ಮುಂದಿನ ತಿಂಗಳ ಡಾಕ್ಟರ ಸಭೆಯಲ್ಲಿ ಭಾಷಣ ಮಾಡುವುದಾಗಿ ಒಪ್ಪಿಕೊಂಡುಬಿಟ್ಟಿದ್ದರು.

ಅಣ್ಣತಮ್ಮಂದಿರು ಬೇರೆಯಾಗುವುದು ಹಾಜಿಮಲಂಗನಿಗೆ ಹೊಸದಲ್ಲ. ಅವನು ತಲೆಯಾಡಿಸಿದ. ಆಗ ಅವಳು ತೊಂಬತ್ತರ ಪುಸ್ತಕದಲ್ಲಿ ಒಂದು ಪುಟ ತೆರೆದಿಟ್ಟು, ಎಂಥ ಚಂದದ ಲೇಖನಗಳು ಬರುತ್ತಿದ್ದವು ನೋಡಿ ಚಾಚಾ ಎಂದಳು. ಪುಟದ ನಡುವೆ ಒಂದು ಬಾಯಿ ಅಗಲ ತೆರೆದು ಕೂತಿತ್ತು. ಹಲ್ಲು ಕಂದು ಬಣ್ಣ, ವಸಡು ಬಾತಿತ್ತು.

"ಇದು ಪೇಸ್ಟಿನ ಜಾಹೀರಾತು ಅಲ್ಲೇನವಾ?"

"ಅಲ್ರಿ ಚಾಚಾ. ಇದs ಲೇಖನ."

ಹಾಜಿಮಲಂಗ ಪುಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ನಮಾಜಿಗೆ ಹೊತ್ತಾಯಿತು ಎಂದು ಎದ್ದವನು ಚಪ್ಪಲಿಯನ್ನೂ ಅದಲುಬದಲು ಮೆಟ್ಟಿಕೊಂಡು ಹೋದ.

ಆಗಿದ್ದದ್ದು ಇಷ್ಟು. ತೊಂಬತ್ತೆರಡರಲ್ಲಿ ಪತ್ರಿಕೆಗೆ ಜಾಹೀರಾತು ಬಹಳ ಬರತೊಡಗಿ, ಕಟ್ಟಿದ ಪುಸ್ತಕ ಇಟ್ಟಿಗೆಯ ಹಾಗೆ ದಪ್ಪವಾಯಿತು. ಕಪಾಟಿನ ಬಾಗಿಲು ಹಾಕಲು ಬರಲಿಲ್ಲ. ಡಾಕ್ಟರು ಸಿಟ್ಟಿಗೆದ್ದು, ಇನ್ನು ಮೇಲೆ ಜಾಹೀರಾತಿನ ಹಾಳೆ ತೆಗೆದು ಕಟ್ಟು ಎಂದರು. ಇಂಗ್ಲಿಷ್ ಬಾರದ ತನಗೆ ಗುರುತು ಹೇಗೆ ಎಂದು ಇವನು ಕೇಳಿದ್ದಕ್ಕೆ, ಚಿತ್ರ ನೋಡಿದರೆ ತಿಳಿಯುವುದಿಲ್ಲವೇ, ಗುಳಿಗೆ, ಬಾಟಲಿ, ಹಲ್ಲು ಕಿಸಿಯುವ ಮಂದಿ ಎಂದು ಹೇಳಿ ಒಳಗೆ ಹೋದರು.

ಹಾಜಿಮಲಂಗ ಆ ಮಾತನ್ನು ತಲೆಯ ಮೇಲೆ ಹೊತ್ತು ನಡೆದ. ಗುಳಿಗೆ ಕಂಡರೆ ತೆಗೆದ, ಬಾಟಲಿ ಕಂಡರೆ ತೆಗೆದ. ಹಲ್ಲು ಕಂಡರಂತೂ ಯೋಚನೆಯನ್ನೇ ಮಾಡಲಿಲ್ಲ. ಬಿಳಿ ಹಲ್ಲು ಇದ್ದರೆ ಪೇಸ್ಟು ಹಚ್ಚಿದ ಮೇಲಿನದು, ಹುಳುಕು ಹಲ್ಲು ಇದ್ದರೆ ಹಚ್ಚುವ ಮೊದಲಿನದು ಎಂದು ತಿಳಿದುಕೊಂಡ. ಹಲ್ಲಿನ ಲೇಖನಗಳು ಹೆಚ್ಚಾಗಿ ಒಂದೇ ಹಾಳೆಯವು, ಹಾಳೆ ಹೋದರೆ ಲೇಖನವೇ ಹೋದಂತೆ. ಜಾಹೀರಾತಿಗೂ ಪುಟದ ನಂಬರು ಬೀಳುತ್ತಿದ್ದುದರಿಂದ ನಂಬರು ಹಾರಿದ್ದನ್ನು ಕಂಡವರೂ ಜಾಹೀರಾತೇ ಹೋಗಿದ್ದೀತು ಎಂದುಕೊಂಡರು. ವಿಷಯದ ಪಟ್ಟಿ ಇರುತ್ತಿದ್ದದ್ದು ಹೊರಕವಚದ ಮೇಲೆ, ಅದನ್ನು ಅವನು ಯಾವತ್ತೂ ಕಿತ್ತೇ ಹೊಲಿಯುವವನು. ಎರಡು ಸಾವಿರದ ಎರಡರಿಂದ ಜಾಹೀರಾತುಗಳೆಲ್ಲ ಹಿಂದುಗಡೆ ಒಂದೇ ಕಡೆ ಬರತೊಡಗಿದವು, ಡಾಕ್ಟರು ಇನ್ನು ನಡುವೆ ಕೈ ಹಚ್ಚಬೇಡ ಎಂದರು, ಇವನು ಬಿಟ್ಟ. ಹಲ್ಲಿನ ಡಾಕ್ಟರು ಬೇರೆ ಮನೆ ಮಾಡಿರಲಿಲ್ಲ. ಹತ್ತು ವರ್ಷ ಅವರನ್ನು ಮನೆಯಿಂದ ಹೊರಗೆ ಹಾಕಿದವನು ಹಾಜಿಮಲಂಗ.

ಎರಡು ದಿನ ಅವನು ಡಾಕ್ಟರ ಮನೆಯ ಕಡೆ ಹಾಯಲಿಲ್ಲ. ಹೇಳಿದರೆ ನಲವತ್ತು ವರ್ಷದ ಮಾತು ಮಣ್ಣುಪಾಲು, ಅಚ್ಚಾಗುವ ಹೆಸರೂ ಹೋಯಿತು. ಹೇಳದಿದ್ದರೆ ಆ ಹುಡುಗಿ ಸುಳ್ಳನ್ನು ಅಚ್ಚು ಹಾಕಿಸುತ್ತಾಳೆ, ಅದರ ಕೆಳಗೆ ತನ್ನ ಹೆಸರು. ಅದೂ 'ಲ' ಸಮೇತ. ಇದನ್ನೆಲ್ಲ ಸೈದಾಬಿಯ ಮುಂದೆ ಹೇಳಿಕೊಂಡ. ಅವಳು ಜೋಳ ಹಸನು ಮಾಡುತ್ತ ಪೂರ್ತಿ ಕೇಳಿ, ಮೊರ ಕೆಳಗಿಟ್ಟಳು.

"ಹಾಳಿ ನೀವೇನ್ ಕಳದಿಲ್ಲ ಬಿಡ್ರಿ. ನನ್ನ ತಮ್ಮಗ ಕೊಟ್ಟೀರಿ."

ಅದೂ ನಿಜವೇ. ಕಾಗದ ಬಿಸಾಡುವುದು ಹಾಜಿಮಲಂಗನ ಜಾಯಮಾನವಲ್ಲ. ಸೈದಾಬಿಯ ತಮ್ಮ ಫಕ್ರುದ್ದೀನ ಪಕ್ಕದ ಇಂಡಿ ಊರಿನ ಸಂತೆಯಲ್ಲಿ ಛತ್ರಿ ಹಾಕಿಕೊಂಡು ಹಲ್ಲು ಕಟ್ಟುತ್ತಿದ್ದ. ಕಿತ್ತ ಹಲ್ಲಿನ ಹಾಳೆಗಳನ್ನೆಲ್ಲ ಹಾಜಿಮಲಂಗ ತಾನೇ ಹೋಗಿ ಪ್ಲೈವುಡ್ಡಿನ ಹಲಗೆಗಳಿಗೆ ಸಾಲಾಗಿ ಅಂಟಿಸಿ ಕೊಟ್ಟಿದ್ದ, ಅದೇ ಮೈಲುತುತ್ತದ ಅಂಟಿನಲ್ಲಿ. ಫಕ್ರುದ್ದೀನ ಅವನ್ನು ಹಿಂದೆ ನಿಲ್ಲಿಸಿಕೊಂಡು ಕೂತರೆ ದೊಡ್ಡ ಆಸ್ಪತ್ರೆಯ ಕಳೆ ಬರುತ್ತಿತ್ತು.

"ಹಲಗಿ ಅದಾವೇನು ಇನ್ನಾ?" ಎಂದು ಕೇಳಿದ.

"ನನಗೇನ್ ಗೊತ್ತು. ಮೊದಲ ಆ ಹುಡಿಗಿಗೆ ಹೇಳ್ರಿ. ಆಮ್ಯಾಲ ಹಲಗಿ ನೋಡೂಣು."

ಮರುದಿನ ಬೆಳಿಗ್ಗೆ ಹಾಜಿಮಲಂಗ ಒಗೆದ ಅಂಗಿ ಹಾಕಿಕೊಂಡು, ಪಂಚರ ಎದುರಿಗೆ ಬಂದವನಂತೆ ಡಾಕ್ಟರ ಪಡಸಾಲೆಯಲ್ಲಿ ನಿಂತ. ಗುಲನಾಜ ಚಹಾ ಕುಡಿಯುತ್ತಿದ್ದಳು. ಡಾಕ್ಟರು ಆರಾಮ ಕುರ್ಚಿಯಲ್ಲಿದ್ದರು. ಕೂತುಕೋ ಎಂದರೂ ಕೂಡಲಿಲ್ಲ.

"ಸಾಹೇಬ್ರ, ನಿಮ್ಮ ಪುಸ್ತಕದಾಗಿನ ಹಲ್ಲು ಕಿತ್ತಾಂವ ನಾನs ಅದೇನ್ರಿ. ಹತ್ತ ವರ್ಷದ್ದು. ಜಾಹೀರಾತು ಅನ್ಕೊಂಡು."

ಅದಾದ ಮೇಲೆ ಎಲ್ಲವನ್ನೂ ಹೇಳಿದ. ಇಟ್ಟಿಗೆಯಂಥ ಪುಸ್ತಕ, ಮುಚ್ಚದ ಬಾಗಿಲು, ಹಲ್ಲು ಕಿಸಿಯುವ ಮಂದಿ, ಇಂಡಿಯ ಸಂತೆ. ಗುಲನಾಜಳ ಬಸಿ ಅರ್ಧ ದಾರಿಯಲ್ಲೇ ನಿಂತಿತು. ಅವಳ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಗಾಯಿತು. ಎಂಟು ದಿನದ ಎಣಿಕೆ ಹೋಯಿತು, ಸರ್ ಅವರ ಭಾಷಣ ಹೋಯಿತು, ಬೇರೆ ಮನೆ ಮಾಡಿದ ಹಲ್ಲಿನ ಡಾಕ್ಟರೆಲ್ಲ ಗಂಟುಮೂಟೆ ಸಮೇತ ವಾಪಸು ಬಂದರು. ಅವಳು ಎದ್ದು ತೊಂಬತ್ನಾಲ್ಕರ ಪುಸ್ತಕ ಎಳೆದು ಹಾಳೆಗಳ ಬುಡ ನೋಡಿದಳು. ಹೊಲಿಗೆಯ ಸಂದಿಯಲ್ಲಿ ಕತ್ತರಿಸಿದ ಅಂಚು ಗೆರೆಯಷ್ಟು ಕಾಣುತ್ತಿತ್ತು. ಅಷ್ಟು ಸಾಫಾದ ಕೆಲಸ. ಒಂದು ಕಡೆ ಕಾಲರಾ ಲೇಖನದ ಬಾಲವೂ ಹಲ್ಲಿನ ಜೊತೆಗೆ ಹೋಗಿತ್ತು, ಮುಂದಿನ ಪುಟದಲ್ಲಿ ಸೀದಾ ಮೂಳೆ ಮುರಿತ ಶುರುವಾಗಿತ್ತು.

ಹಾಜಿಮಲಂಗ ಡಾಕ್ಟರ ಮುಖ ನೋಡಲಾರದೆ ನೆಲ ನೋಡುತ್ತಿದ್ದ. ಡಾಕ್ಟರು ಕೆಮ್ಮಿದರು, ಕನ್ನಡಕ ಒರೆಸಿಕೊಂಡರು.

"ಮಲಂಗಸಾಬ, ಇಪ್ಪತ್ತ ವರ್ಷಾತು, ನನಗ್ಯಾಕ ಗೊತ್ತಾಗ್ಲಿಲ್ಲ ಅಂತ ನೀ ಕೇಳವಲ್ಲಿ."

"ಹೆಂಗ ಕೇಳ್ಲಿರಿ."

"ಕಟ್ಟಿಸಿದ ಮ್ಯಾಲ ಒಂದ್ ಪುಸ್ತಕಾನೂ ನಾ ತಗದ್ ನೋಡಿಲ್ಲೋ ಮಾರಾಯಾ."

ಮೊದಲು ನಕ್ಕವಳು ಗುಲನಾಜ. ಆಮೇಲೆ ಡಾಕ್ಟರು. ಹಾಜಿಮಲಂಗ ಮಾತ್ರ ನಗಲಿಲ್ಲ. ನಕ್ಕು ಮುಗಿದ ಮೇಲೆ ಹುಡುಗಿ ಕಣ್ಣೊರೆಸಿಕೊಂಡು ಹಲಗೆಗಳು ಇನ್ನೂ ಇವೆಯೇ ಎಂದು ಕೇಳಿದಳು. ತನಗೆ ಗೊತ್ತಿಲ್ಲ ಎಂದ. ಹೆಸರಿನ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಅದೇ ದಿನ ಇಂಡಿಯ ಬಸ್ಸು ಹತ್ತಿದರು. ಹಾಜಿಮಲಂಗ, ಗುಲನಾಜ, ಜೊತೆಗೆ ಸೈದಾಬಿ. ತಾನಿಲ್ಲದಿದ್ದರೆ ತಮ್ಮ ಹಲಗೆಯನ್ನಲ್ಲ, ಹಲಗೆಯ ಮೊಳೆಯನ್ನೂ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಫಕ್ರುದ್ದೀನ ಸಂತೆ ಬಿಟ್ಟು ಆರು ವರ್ಷವಾಗಿತ್ತು. ಊರಿಗೆಲ್ಲ ಹಲ್ಲು ಕಟ್ಟಿದವನ ಬಾಯಿಯಲ್ಲಿ ಈಗ ಒಂದೂ ಇರಲಿಲ್ಲ. ಕಟ್ಟಿಕೊಂಡರೆ ಸುಪಾರಿಯ ರುಚಿ ಹತ್ತುವುದಿಲ್ಲವಂತೆ. ಹಲಗೆಗಳು ತಗಡು ಹೊದಿಸಿದ ಆಡಿನ ದೊಡ್ಡಿಯಲ್ಲಿದ್ದವು. ಏಳು ಹಲಗೆ ಸುತ್ತಲೂ ಗೋಡೆಯಾಗಿ ನಿಂತಿದ್ದವು, ನಡುವೆ ಹನ್ನೊಂದು ಆಡು. ಎಲ್ಲ ಕಡೆಯಿಂದ ಹಲ್ಲುಗಳು ಆಡುಗಳನ್ನು ನೋಡುತ್ತಿದ್ದವು. ಬಿಸಿಲಿಗೆ ಬಣ್ಣ ಮಾಸಿತ್ತು, ಆದರೆ ಹಾಳೆಗಳ ಅಂಚು ಎದ್ದಿರಲಿಲ್ಲ.

"ಆಡು ತಿನ್ನಲಿಲ್ಲೇನ್ರಿ ಮಾಮು?" ಎಂದು ಗುಲನಾಜ ಕೇಳಿದಳು.

ಹೊಸ ಆಡು ಬಂದಾಗೊಮ್ಮೆ ನೆಕ್ಕುತ್ತದೆ, ಮೂತಿ ಕಹಿ ಮಾಡಿಕೊಂಡು ಜನ್ಮದಲ್ಲಿ ಆ ಕಡೆ ಹಾಯುವುದಿಲ್ಲ ಎಂದ ಫಕ್ರುದ್ದೀನ. ಹಾಜಿಮಲಂಗ ಅವತ್ತಿನ ಮಟ್ಟಿಗೆ ಮೊದಲ ಬಾರಿ ತಲೆ ಎತ್ತಿ, ಮೈಲುತುತ್ತ ಎಂದ.

ಫಕ್ರುದ್ದೀನ ಸುಲಭಕ್ಕೆ ಬಗ್ಗಲಿಲ್ಲ. ಹಲಗೆಯ ಮೇಲಿನ ಬಾಯಿಗಳೆಲ್ಲ ತನ್ನ ಗಿರಾಕಿಗಳವೆಂದು ಅವನು ವರ್ಷಗಟ್ಟಲೆ ಸಂತೆಗೆ ಹೇಳಿಕೊಂಡು ಬಂದವನು, ಹೇಳುತ್ತ ಹೇಳುತ್ತ ಈಗ ತಾನೂ ನಂಬಿದ್ದ. ಒಂದೊಂದನ್ನೇ ಬೆರಳಿಟ್ಟು ತೋರಿಸಿದ. ಇದು ಮಸೂತಿ ಊರಿನ ಗೌಡ್ತಿಯದು, ಇದು ಕನ್ನೊಳ್ಳಿಯ ಮಾಸ್ತರದು. ಇದು ಮುದ್ದೇಬಿಹಾಳದ ಸಾವುಕಾರರದು, ಇಂಥ ಹಲ್ಲು ಕಿತ್ತು ಬೇರೆ ಕೂಡಿಸಿಕೊಟ್ಟೇನಿ ಎಂದ. ಗುಲನಾಜ ಬಗ್ಗಿ ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದಿದಳು. ಕುಡಿಯುವ ನೀರಿನ ಫ್ಲೋರೈಡಿನ ಮೇಲಿನ ಲೇಖನ ಅದು.

"ಮಾಮು, ಇದು ಕುರಿ ದವಡಿ ಐತ್ರಿ."

ಸೈದಾಬಿ ಸೆರಗು ಬಾಯಿಗಿಟ್ಟುಕೊಂಡು ದೊಡ್ಡಿಯಿಂದ ಹೊರಗೆ ಹೋದಳು. ಫಕ್ರುದ್ದೀನ ಕುರಿಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ, ಸಾವುಕಾರರ ಬಾಯಿಯೂ ಹಾಗೇ ಇತ್ತು ಎಂದು ಗೊಣಗಿದ. ಅದಾದ ಮೇಲೆ ಹೆಚ್ಚು ಜಗ್ಗಾಡಲಿಲ್ಲ. ಹಲಗೆ ಮಾತ್ರ ತನಗೇ ಬೇಕು, ಆಡಿಗೆ ಗೋಡೆ ಬೇಕು, ಹಾಳೆ ಒಯ್ಯಿರಿ ಎಂದ.

ಆಮೇಲಿನದು ಹಾಜಿಮಲಂಗನ ಕೆಲಸ. ಹಸಿ ಅರಿವೆ ಹಾಕಿ, ಅಂಟು ನೆನೆಯುವವರೆಗೆ ಕಾಯ್ದು, ಎಲುಬಿನ ಪಟ್ಟಿಯನ್ನು ಅಡಿಗೆ ತೂರಿಸಿ, ದೋಸೆ ಎಬ್ಬಿಸಿದಂತೆ ಒಂದೊಂದೇ ಎಬ್ಬಿಸಿದ. ಮೂರು ದಿನ ಇಂಡಿಯಲ್ಲೇ ಉಳಿದರು. ಹಾಳೆಗಳನ್ನು ಫಕ್ರುದ್ದೀನನ ಪಡಸಾಲೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದರು. ಬಂದ ನೆರೆಯವರು ತಲೆಯ ಮೇಲೆ ತೂಗುವ ಬಾಯಿಗಳನ್ನು ನೋಡಿ, ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋದರು. ಗುಲನಾಜ ಪುಟದ ಬುಡದಲ್ಲಿದ್ದ ತಿಂಗಳು, ಇಸವಿ ನೋಡಿ ಗೀಟು ಹಾಕಿದಳು. ನಿಜವಾದ ಪೇಸ್ಟಿನ ಜಾಹೀರಾತುಗಳನ್ನು ಬದಿಗಿಟ್ಟರೂ ಎಪ್ಪತ್ತಮೂರು ಲೇಖನ ಸಿಕ್ಕವು. ಕಂಬಗಳನ್ನು ಹೊಸದಾಗಿ ನಿಲ್ಲಿಸಿದಾಗ ಬಯಲಿದ್ದ ಕಡೆಯೇ ಎಲ್ಲಕ್ಕಿಂತ ಎತ್ತರದವು ಎದ್ದವು. ಹಲ್ಲಿನ ಸಂಶೋಧನೆಗೆ ಆ ಪತ್ರಿಕೆಯಲ್ಲಿ ಅದೇ ಸುಗ್ಗಿಯ ಕಾಲವಾಗಿತ್ತು.

ಸರ್ ಎರಡು ದಿನ ಫೋನ್ ಎತ್ತಲಿಲ್ಲವಂತೆ. ಮೂರನೆಯ ದಿನ ತಾವೇ ಮಾಡಿ, ದೂರದ ಊರಿನ ಲೈಬ್ರರಿಯೊಂದರ ಸಂಚಿಕೆಗಳ ಜೊತೆಗೂ ತಾಳೆ ನೋಡು, ಬೈಂಡಿಂಗಿನ ಸಂಗತಿಯನ್ನೂ ಬರೆ, ಹೀಗೆ ಕಟ್ಟಿದ ಪುಸ್ತಕ ಎಣಿಸಿ ಮೋಸಹೋದವರು ಎಷ್ಟು ಮಂದಿ ಇದ್ದಾರೋ ಎಂದರಂತೆ. ತಾಳೆ ನೋಡಿದಾಗ ನಾಲ್ಕೇ ಲೇಖನ ಕಡಿಮೆ ಬಿದ್ದವು. ಒಂದು ಹಲಗೆಯನ್ನು ಫಕ್ರುದ್ದೀನ ಹಿಂದೆ ಯಾವಾಗಲೋ ಬಚ್ಚಲಿಗೆ ಮರೆಯಾಗಿ ಹಾಕಿದ್ದ, ಅದು ನೀರಿಗೆ ಕೊಳೆತುಹೋಗಿತ್ತು.

ಹಾಜಿಮಲಂಗ ಅಂಗಡಿಗೆ ತಿರುಗಿ ಬಂದ. ಹಾಳೆ ಕಳೆದಿಲ್ಲ ಎಂಬ ಮಾತು ಅವನ ಬಾಯಿಂದ ಹೋಯಿತು. ಒಂದು ದಿನ ಮಠದವರು ಪುರಾಣ ತಂದು ಕೊಟ್ಟಾಗ ಅವನು ಸುಮ್ಮನೆ ತೆಗೆದುಕೊಂಡನು. ಅಲ್ಲೇ ನಿಂತಿದ್ದ ಸೈದಾಬಿಗೇ ತಡೆಯಲಾಗಲಿಲ್ಲ. ನಲವತ್ತು ವರ್ಷದಲ್ಲಿ ನಾಲ್ಕೇ ಹೋಗಿವೆ, ಅವೂ ನನ್ನ ತಮ್ಮನ ಬಚ್ಚಲಿನಲ್ಲಿ ಎಂದು ತಾನೇ ಹೇಳಿದಳು.

ಈ ವರ್ಷ ಯುಗಾದಿಯ ಮರುವಾರ ಗುಲನಾಜ ಬಂದಳು. ಬಸ್ಸಿನಿಂದ ಇಳಿದು ಸೀದಾ ಸಂದಿಗೆ ಬಂದು, ಗಟಾರದ ಕಲ್ಲಿನ ಮೇಲೆ ನಿಂತು, ಪತ್ರಿಕೆ ತೆರೆದು ಅವನ ತೊಡೆಯ ಮೇಲಿಟ್ಟಳು. ಪ್ರಬಂಧದ ಕೊನೆಯ ಪುಟ. ಕೆಳಗೆ ಎರಡು ಸಾಲು ಸಣ್ಣ ಅಕ್ಷರ. ಕಾಣೆಯಾಗಿದ್ದ ಪುಟಗಳ ಸಂಗತಿ ತಾನಾಗಿ ತಿಳಿಸಿ, ಅವನ್ನು ತನ್ನ ಕೈಯಾರೆ ಬಿಡಿಸಿಕೊಟ್ಟ ಸಿಂದಗಿಯ ಬೈಂಡರ್ ಇಂಥವರಿಗೆ ಋಣಿ ಎಂದು ಓದಿ ಹೇಳಿ, ಇಂಥವರು ಎನ್ನುವಲ್ಲಿ ಬೆರಳಿಟ್ಟಳು.

ಹಾಜಿಮಲಂಗ ಕನ್ನಡಕ ಏರಿಸಿಕೊಂಡ.

"'ಲ' ಎಲ್ಲೈತಿ?"

ಅವಳು ತೋರಿಸಿದಳು. ಅವನು ಉಗುರಿನಿಂದ ಅದರ ಕೆಳಗೆ ಮೆಲ್ಲಗೆ ಗೀರಿದ, ಅಂಟು ಸರಿಯಾಗಿ ಹಿಡಿದಿದೆಯೋ ಇಲ್ಲವೋ ನೋಡುವ ಹಾಗೆ. ಆಮೇಲೆ ಹಾಳೆ ತಿರುವಿದ. ಹಿಂಬದಿಗೆ ಪುಟದ ತುಂಬ ಒಬ್ಬಳು ಹೆಂಗಸು ಮೂವತ್ತೆರಡೂ ಹಲ್ಲು ತೋರಿಸಿ ನಗುತ್ತಿದ್ದಳು, ಕೈಯಲ್ಲಿ ಪೇಸ್ಟು. ಲೇಖನಗಳ ನಡುವೆ ಜಾಹೀರಾತು ಹಾಕುವ ಚಾಳಿ ಪತ್ರಿಕೆಯವರಿಗೆ ಯಾವಾಗಲೋ ಮತ್ತೆ ಬಂದಿತ್ತು.

ಇಬ್ಬರೂ ಅದನ್ನು ನೋಡಿದರು. ಸೈದಾಬಿ ಆ ಹೊತ್ತಿಗೆ ಬುತ್ತಿ ತಂದವಳು ಇಬ್ಬರ ಭುಜದ ಮೇಲಿಂದ ಇಣುಕಿ, ಈಕಿ ಯಾರ ಗಿರಾಕಿ ಎಂದು ಕೇಳಿದಳು.

ಡಾಕ್ಟರ್ ಶ್ರೀಶೈಲಪ್ಪನವರ ಸಂಚಿಕೆಗಳನ್ನು ಹಾಜಿಮಲಂಗ ಈ ಸಲ ವರ್ಷ ತುಂಬುವ ತನಕ ಕಾಯದೆ ಆರಕ್ಕೇ ಇಸಿದುಕೊಂಡು ಕಟ್ಟಿದ್ದಾನೆ. ಗುಳಿಗೆ, ಬಾಟಲಿ, ಹಲ್ಲು, ಹೊರಕವಚ, ಒಂದನ್ನೂ ಬಿಟ್ಟಿಲ್ಲ. ಆರೇ ತಿಂಗಳ ಪುಸ್ತಕ ಇಟ್ಟಿಗೆಯಾಗಿದೆ. ಕಪಾಟಿನ ಬಾಗಿಲು ಹಾಕಲು ಬರುವುದಿಲ್ಲ. ಡಾಕ್ಟರು ಏನೂ ಅಂದಿಲ್ಲ. ಅವರ ಕುರ್ಚಿಯ ಹಿಂದೆ ಈಗ ಬಾಗಿಲಿನ ಎರಡೂ ಹಿಡಿಕೆಗಳನ್ನು ಸೇರಿಸಿ ಬೈಂಡಿಂಗಿನ ದಾರ ಕಟ್ಟಿದೆ, ಮೂರು ಸುತ್ತು, ಗಂಟು ಹಾಜಿಮಲಂಗನದು.